ಕೆಲಸದ ತಳಿಯ ನಾಯಿ ಫಾಸ್ಟರ್‌ಗೆ ಬಂದಾಗ: ಮೊದಲ ದಿನದಿಂದ ಬೀಳ್ಕೊಡುವವರೆಗೆ

ರಾಕಿ ನಮ್ಮ ಮನೆಗೆ ಬಂದದ್ದು ಜೂನ್ ತಿಂಗಳ ಎರಡನೇ ವಾರ. ಮಂಗಳೂರಿನಲ್ಲಿ ಬಿಟ್ಟೂ ಬಿಡದ ಮಳೆ. ಕಾರಿನಿಂದ ಇಳಿದವನೇ ಕಂಪೌಂಡ್ ಗೋಡೆಯ ಬುಡದಲ್ಲಿ ಸುತ್ತು ಹಾಕಲು ಶುರು ಮಾಡಿದ. ಒಂದೇ ದಾರಿ, ಒಂದೇ ವೇಗ. ಮೂರನೇ ದಿನಕ್ಕೆ ಅಲ್ಲಿನ ಹುಲ್ಲೆಲ್ಲ ಹೋಗಿ ಕೆಸರಿನ ಓಣಿಯಾಗಿತ್ತು. ಎರಡು ವರ್ಷದ ಬೆಲ್ಜಿಯನ್ ಮಾಲಿನ್ವಾ, ತೂಕ 24 ಕಿಲೋ. "ತುಂಬ ತಂಟೆ, ಕಚ್ಚಲು ಬರ್ತಾನೆ" ಎಂದು ಸಾಕಿದವರು ಬಿಟ್ಟುಕೊಟ್ಟಿದ್ದರು. ಹೊಸ ಮನೆ ಸಿಗುವವರೆಗೆ ನಾವು ಇಟ್ಟುಕೊಳ್ಳುವುದು ಎಂದು ಮಾತಾಗಿತ್ತು, ಇದಕ್ಕೇ ಫಾಸ್ಟರ್ ಅನ್ನುವುದು. ಐದು ತಿಂಗಳು ಇದ್ದ.

ಇಂಥ ನಾಯಿಯನ್ನು ಓಡಿಸಿ ದಣಿಸಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಎರಡು ವಾರ ನಾನೂ ಅದನ್ನೇ ನಂಬಿದ್ದೆ. ಮಳೆ ಬಿಟ್ಟಾಗಲೆಲ್ಲ ಅಂಗಳದಲ್ಲಿ ಚೆಂಡು ಎಸೆದೆ, ದಿನಕ್ಕೆ ಎರಡು ಗಂಟೆ. ಅವನು ಶಾಂತನಾಗಲಿಲ್ಲ. ಇನ್ನೂ ಜಾಸ್ತಿ ಓಡುವ ತಾಕತ್ತು ಬಂತು, ರಾತ್ರಿ ಹನ್ನೊಂದಕ್ಕೂ ಚೆಂಡು ತಂದು ಕಾಲಿನ ಮೇಲೆ ಹಾಕುತ್ತಿದ್ದ. ಅವನಿಗೆ ಓಡುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಸುಮ್ಮನಿರುವುದನ್ನು ಯಾರೂ ಕಲಿಸಿರಲಿಲ್ಲ. ಇದು ಗೊತ್ತಾದ ಮೇಲೆ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಕೆಳಗೆ ಬರೆದದ್ದೆಲ್ಲ ಆಮೇಲೆ ಕಲಿತದ್ದು.

ಮೊದಲು ತಳಿ ಅರ್ಥವಾಗಲಿ

ಮಾಲಿನ್ವಾ ಬೆಲ್ಜಿಯಂನ ಮೆಕೆಲೆನ್ ಊರಿನ ಸುತ್ತಮುತ್ತ ಕುರಿ ಕಾಯುತ್ತಿದ್ದ ನಾಯಿ. ಆ ಊರಿಗೆ ಫ್ರೆಂಚಿನಲ್ಲಿ ಮಾಲಿನ್ ಎನ್ನುತ್ತಾರೆ, ತಳಿಯ ಹೆಸರು ಅಲ್ಲಿಂದ ಬಂತು. ಈಗ ಪೊಲೀಸರು, ಸೈನ್ಯ ಎಲ್ಲರೂ ಇದನ್ನೇ ಹುಡುಕುತ್ತಾರೆ. ಜರ್ಮನ್ ಶೆಫರ್ಡ್ ಕೂಡ ಕುರಿನಾಯಿಯೇ. ಜರ್ಮನಿಯಲ್ಲಿ 1899ರಲ್ಲಿ ಅದಕ್ಕೊಂದು ತಳಿಯ ರೂಪ ಕೊಟ್ಟರು. ಚಲಿಸುವುದನ್ನು ಬೆನ್ನಟ್ಟಬೇಕು, ಸುತ್ತುಗಟ್ಟಬೇಕು, ಮಂದೆ ಬಿಟ್ಟು ಹೋಗುವ ಕುರಿಯ ಕಾಲಿಗೆ ಬಾಯಿ ಹಾಕಿ ತಿರುಗಿಸಬೇಕು. ಅದೇ ಅವುಗಳ ಕೆಲಸ. ನಮ್ಮ ಓಣಿಯಲ್ಲಿ ಕುರಿ ಇಲ್ಲ. ಸೈಕಲ್ಲು ಇದೆ, ಸ್ಕೂಟರ್ ಇದೆ, ಓಡುವ ಮಕ್ಕಳ ಹಿಮ್ಮಡಿ ಇದೆ. ನಾಯಿ ಕೈಗೆ ಸಿಕ್ಕಿದ ಕೆಲಸ ಮಾಡುತ್ತದೆ, ನಾವು ಅದನ್ನು ತಂಟೆ ಅನ್ನುತ್ತೇವೆ.

ಡಾಬರ್‌ಮನ್, ರಾಟ್‌ವೀಲರ್ ಆದರೆ ಕಾವಲಿನ ಗುಣ ಗೇಟಿನ ಹತ್ತಿರ ಕಾಣುತ್ತದೆ. ಮುಧೋಳ ನಾಯಿ ನಮ್ಮ ಬಾಗಲಕೋಟೆಯದ್ದು. 2005ರಲ್ಲಿ ಅದರ ಅಂಚೆಚೀಟಿ ಬಂದ ಮೇಲೆ, ಸೈನ್ಯಕ್ಕೂ ಸೇರಿಸಿಕೊಂಡ ಮೇಲೆ, ನಮ್ಮ ತಳಿ ಎಂಬ ಅಭಿಮಾನದಿಂದ ತರುವವರು ಹೆಚ್ಚಾಗಿದ್ದಾರೆ. ಅಭಿಮಾನ ಒಳ್ಳೆಯದೇ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಪಕ್ಕದ ಮನೆಯ ಕೋಳಿ ಓಡಿದರೆ ನೀವು ಹೆಸರು ಕರೆದು ಮುಗಿಸುವಷ್ಟರಲ್ಲಿ ಅದು ಅಲ್ಲಿರುತ್ತದೆ. ನಿಮ್ಮ ಮನೆಗೆ ಬರುವ ನಾಯಿ ಏನು ಮಾಡಲು ಹುಟ್ಟಿದ್ದು ಎಂದು ಮೊದಲು ತಿಳಿದುಕೊಳ್ಳಿ. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಹಂತ 1: ಹೂಂ ಅನ್ನುವ ಮೊದಲು

ನಾಯಿ ತಂದುಕೊಡುವವರ ಹತ್ತಿರ ಎಲ್ಲವನ್ನೂ ಕೇಳಿ. ಯಾರನ್ನಾದರೂ ಕಚ್ಚಿದೆಯಾ? ಯಾವಾಗ, ಎಲ್ಲಿ, ಹಲ್ಲು ಇಳಿದಿತ್ತಾ? ಬೆಕ್ಕು, ಕೋಳಿ, ಮಕ್ಕಳ ಜೊತೆ ಹೇಗೆ? ಕಟ್ಟಿ ಸಾಕಿದ್ದಾ, ಬಿಟ್ಟು ಸಾಕಿದ್ದಾ? ರೇಬೀಸ್ ಲಸಿಕೆಯ ಕಾರ್ಡ್ ಇದೆಯಾ? ಡಾಕ್ಟರ ಖರ್ಚು ಯಾರದ್ದು, ಆಗದಿದ್ದರೆ ವಾಪಸ್ ತೆಗೆದುಕೊಳ್ಳುವವರು ಯಾರು ಎಂಬುದು ವಾಟ್ಸಾಪಿನಲ್ಲಾದರೂ ಬರಹದಲ್ಲಿರಲಿ. ನನಗೆ "ಕಚ್ಚುವುದಿಲ್ಲ, ಸುಮ್ನೆ ಹೆದರಿಸ್ತಾನೆ" ಎಂದಿದ್ದರು. ಎರಡನೇ ವಾರ ನನ್ನ ಮುಂಗೈಗೆ ಹಲ್ಲು ಊರಿತ್ತು.

ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಕಚ್ಚಿದ ಇತಿಹಾಸವಿರುವ ನಾಯಿಗೆ ಹೂಂ ಅನ್ನಬೇಡಿ. ಮನಸ್ಸು ಒಳ್ಳೆಯದಿದ್ದರೆ ಸಾಕಾಗುವುದಿಲ್ಲ. ಇಡೀ ದಿನ ಮನೆ ಖಾಲಿ ಇರುವವರಿಗೂ ಇದು ಕಷ್ಟ. ನಮ್ಮಲ್ಲಿ ಅಮ್ಮ ಇರುತ್ತಾರೆ, ಹಾಗಾಗಿ ಆಯಿತು.

ಅಕ್ಕಪಕ್ಕದವರಿಗೆ ನಾಯಿ ಬರುವ ಮೊದಲೇ ಹೇಳಿ. "ಅಕ್ಕಾ, ಒಂದು ನಾಯಿ ಬರ್ತದೆ, ಸ್ವಲ್ಪ ಜೋರಿದೆ, ಗೇಟಿನೊಳಗೆ ಕೈ ಹಾಕಬೇಡಿ" ಎಂದರೆ ಸಾಕು. ಆಮೇಲೆ ಬೊಗಳುವುದನ್ನು ಅವರು ಸಹಿಸಿಕೊಳ್ಳುತ್ತಾರೆ. "ಆ ತಳಿ ಬ್ಯಾನ್ ಆಗಿದೆಯಲ್ಲ" ಎಂದು ಕೇಳುವವರೂ ಸಿಗುತ್ತಾರೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಬಗ್ಗೆ ಸುತ್ತೋಲೆ ಕಳಿಸಿದ್ದು ನಿಜ. ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು, ಮಾಲಿನ್ವಾ ಮತ್ತು ಜರ್ಮನ್ ಶೆಫರ್ಡ್ ಇರಲಿಲ್ಲ. ಜಗಳವಾಡದೆ ಇಷ್ಟು ಹೇಳಿದರೆ ಆಯಿತು.

ಹಂತ 2: ಅಂಗಳ, ಗೋಡೆ, ಬಾವಿ

ನಮ್ಮ ಕಡೆಯ ಕೆಂಪು ಕಲ್ಲಿನ ಕಂಪೌಂಡ್ ನೋಡಲು ಚೆಂದ. ಗಿಲಾವು ಮಾಡದಿದ್ದರೆ ನಾಯಿಗೆ ಅದು ಏಣಿ. ಕಲ್ಲಿನ ತೂತುಗಳಲ್ಲಿ ಉಗುರು ಸಿಕ್ಕಿಸಿ ಮಾಲಿನ್ವಾ ಐದು ಅಡಿಯ ಗೋಡೆಯನ್ನು ಸಲೀಸಾಗಿ ಹತ್ತುತ್ತದೆ. ಮೊದಲ ಎರಡು ವಾರ ಕಂಪೌಂಡ್ ಇದೆಯೆಂದು ನಂಬಿ ಬಿಡಲೇಬೇಡಿ. ಅಂಗಳದಲ್ಲೂ ಉದ್ದ ಹಗ್ಗ ಇರಲಿ, ಹಗ್ಗದ ತುದಿ ನಿಮ್ಮ ಕೈಯಲ್ಲಿರಲಿ. ಗೇಟಿನ ಕೆಳಗಿನ ಸಂದಿಗೆ ಹಲಗೆ ಬಡಿಯಿರಿ.

ಬಾವಿಗೆ ಬಲೆ ಹಾಕಿಸಿ. ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ನಮ್ಮ ಮನೆಗಳ ಬಾವಿಕಟ್ಟೆ ಎರಡೂವರೆ, ಮೂರು ಅಡಿ. ಬೆಕ್ಕಿನ ಹಿಂದೆ ಓಡುವ ನಾಯಿ ಕಟ್ಟೆಗೆ ಹಾರಿ ನಿಲ್ಲುತ್ತದೆ, ಮಳೆಗಾಲದ ಪಾಚಿಯಲ್ಲಿ ಕಾಲು ಜಾರಿದರೆ ಮುಗಿಯಿತು. ನಾವು ಕಬ್ಬಿಣದ ಚೌಕಟ್ಟಿಗೆ ಬಲೆ ಹಾಕಿಸಿ ಕೊಂಡಿ ಇಟ್ಟೆವು.

ಇಲಿ ಪಾಷಾಣ ತೆಗೆಯಿರಿ. ಅಡಿಕೆ ತೋಟ ಇದ್ದವರು ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ದಿನ ನಾಯಿಯನ್ನು ಒಳಗೆ ಹಾಕಿ. ಮೈಲುತುತ್ತು ಕರಗಿಸಿದ ಡ್ರಮ್ಮಿನ ನೀರು, ಅಂಗಳದಲ್ಲಿ ಚೆಲ್ಲಿ ನಿಂತ ನೀರು ಎರಡೂ ವಿಷ.

ಒಳಗೆ ಒಂದು ಮೂಲೆ ಅವನದ್ದೇ ಆಗಿರಬೇಕು. ಹೊರಗಿನ ಕಬ್ಬಿಣದ ಗೂಡು ಬೇಡ. ಮಳೆಯ ಇರಚಲು ಹೊಡೆಯುತ್ತದೆ, ದಾರಿಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ, ನಾಯಿ ಇಡೀ ದಿನ ಕಾವಲಿನಲ್ಲೇ ಇರುತ್ತದೆ. ನಮ್ಮಲ್ಲಿ ಮೆಟ್ಟಿಲ ಕೆಳಗಿನ ಜಾಗ, ಮೂರು ಕಡೆ ಗೋಡೆ, ಮುಂದೆ ಹಳೆಯ ಸೀರೆಯ ಪರದೆ. ಅಷ್ಟೇ.

ಹಂತ 3: ಮೊದಲ ಮೂರು ದಿನ ಏನೂ ಮಾಡಬೇಡಿ

ಸ್ನಾನ ಮಾಡಿಸಬೇಡಿ, ನೆಂಟರನ್ನು ಕರೆಯಬೇಡಿ, ಪಾಠ ಶುರು ಮಾಡಬೇಡಿ. ಹೊತ್ತಿಗೆ ಸರಿಯಾಗಿ ಊಟ, ನೀರು, ಉಚ್ಚೆಗೆ ಹೊರಗೆ. ಮನೆಯೊಳಗೂ ಹಗುರವಾದ ಸಣ್ಣ ಹಗ್ಗ ಹಾರ್ನೆಸ್‌ಗೆ (ಎದೆಗೆ ಹಾಕುವ ಪಟ್ಟಿಗೆ) ಕಟ್ಟಿರಲಿ. ಸೋಫಾದಿಂದ ಇಳಿಸಲು, ಬಾಗಿಲಿನಿಂದ ಹಿಂದೆ ತರಲು ಕುತ್ತಿಗೆಯ ಬೆಲ್ಟಿಗೆ ಕೈ ಹಾಕುವ ಅಗತ್ಯ ಬರುವುದಿಲ್ಲ. ಬೆಲ್ಟಿಗೆ ಕೈ ಹಾಕಿದಾಗ ಹೊಸ ನಾಯಿ ಕಚ್ಚಬಹುದು.

ಹತ್ತಿರ ಕೂರುವುದಾದರೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ದಿಟ್ಟಿಸಬೇಡಿ. ರಾಕಿ ಮೊದಲ ಎರಡು ದಿನ ನಾನು ಎದುರಿದ್ದರೆ ತಿನ್ನಲಿಲ್ಲ. ಬೆನ್ನು ಹಾಕಿ ಪೇಪರ್ ಓದುತ್ತಾ ಕೂತರೆ ಹಿಂದಿನಿಂದ ತಟ್ಟೆ ನೆಕ್ಕುವ ಶಬ್ದ ಬರುತ್ತಿತ್ತು.

ಭಾಷೆಯ ಒಂದು ವಿಷಯ. ನಾವು ಮನೆಯಲ್ಲಿ ಕನ್ನಡ. ನಾನು "ಬಾ" ಎಂದೆ, "ಕಮ್" ಎಂದೆ, ತಿರುಗಿಯೂ ನೋಡಲಿಲ್ಲ. ನಾಲ್ಕನೇ ದಿನ ಹಾಲಿನ ಅಣ್ಣ ಗೇಟಿನ ಹೊರಗಿನಿಂದ "ಇಂಚಿ ಬಲ ಮಗಾ" (ಇಲ್ಲಿ ಬಾ ಮಗಾ) ಎಂದರು. ಎರಡೂ ಕಿವಿ ನೆಟ್ಟಗಾದವು, ಬಾಲ ಒಮ್ಮೆ ಅಲುಗಿತು. ತುಳು ಮಾತಾಡುವ ಮನೆಯಲ್ಲಿ ಬೆಳೆದ ನಾಯಿ! ಅಂದಿನಿಂದ ನಮ್ಮ ಅಮ್ಮನೂ ಅವನಿಗೆ "ಕುಲ್ಲು" (ಕೂತುಕೋ) ಎಂದೇ ಹೇಳಿದರು. ಹಿಂದಿನ ಮನೆಯ ಭಾಷೆ ಯಾವುದು ಎಂದು ಕೇಳಿ. ತುಳುವೋ ಕೊಂಕಣಿಯೋ ಬ್ಯಾರಿಯೋ, ಅದೇ ಮಾತನ್ನು ಎಲ್ಲರೂ ಬಳಸಿ.

ಊಟವನ್ನು ದಿಢೀರ್ ಬದಲಿಸಬೇಡಿ, ಒಂದು ವಾರದಲ್ಲಿ ನಿಧಾನವಾಗಿ ಬದಲಾಗಲಿ. ಕುಚ್ಚಲಕ್ಕಿ ಅನ್ನ ಕೊಡಬಹುದು, ಆದರೆ ಗಂಜಿಯಲ್ಲೇ ಇಂಥ ನಾಯಿ ಬದುಕುವುದಿಲ್ಲ, ಜೊತೆಗೆ ಬೇಯಿಸಿದ ಕೋಳಿ, ಮೊಟ್ಟೆ ಬೇಕು. ಈರುಳ್ಳಿ ಬಿದ್ದ ಸಾರು, ಬೇಯಿಸಿದ ಮೂಳೆ, ಬಂಗುಡೆಯ ಮುಳ್ಳು ಬೇಡ. ದಿನಕ್ಕೆ ಎರಡು ಊಟ. ಎದೆ ಆಳವಾಗಿರುವ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಊಟದ ಹಿಂದೆ ಮುಂದೆ ಒಂದು ಗಂಟೆ ಓಟ ಬೇಡ.

ಹಂತ 4: ಡಾಕ್ಟರ ಹತ್ತಿರ

ನಾಯಿಗೆ ನೋವಿದ್ದರೆ ಯಾವ ಪಾಠವೂ ಹತ್ತುವುದಿಲ್ಲ. ನನ್ನ ಮುಂಗೈಗೆ ಹಲ್ಲು ಊರಿದ್ದು ಬೆಲ್ಟಿನ ಬಕಲ್ ಮುಟ್ಟಿದಾಗ. ಸಿಟ್ಟಿನ ನಾಯಿ ಎಂದುಕೊಂಡೆ. ಮರುದಿನ ಡಾಕ್ಟರು ಮಜಲ್ (ಕಚ್ಚದಂತೆ ಮೂತಿಗೆ ಹಾಕುವ ಕವಚ) ಹಾಕಿಸಿ ಬೆಲ್ಟ್ ಕತ್ತರಿಸಿದರು. ಚರ್ಮದ ದಪ್ಪ ಬೆಲ್ಟ್ ಮಳೆಗೆ ನೆನೆದು ಒಣಗದೆ, ಕೆಳಗೆ ಎರಡು ಬೆರಳಗಲ ಕೂದಲು ಉದುರಿ ಚರ್ಮ ಕೆಂಪಾಗಿ ಒಸರುತ್ತಿತ್ತು. ವಾಸನೆ ಬರುತ್ತಿತ್ತು. ಮೊದಲ ದಿನ ನಾನು ಮೂಗು ಹತ್ತಿರ ಒಯ್ದಿದ್ದರೂ ಗೊತ್ತಾಗುತ್ತಿತ್ತು. ಹತ್ತು ದಿನದ ಔಷಧಿಯ ನಂತರ ಅದೇ ಜಾಗವನ್ನು ತುರಿಸಲು ಕೊಟ್ಟ.

ಹಾಗಾಗಿ ಮೊದಲ ವಾರವೇ ತೋರಿಸಿ, ನನ್ನ ಹಾಗೆ ಎರಡನೇ ವಾರಕ್ಕೆ ಕಾಯಬೇಡಿ. ಕಿವಿ, ಹಲ್ಲು, ಉಗುರು, ಸೊಂಟ ನೋಡಲು ಹೇಳಿ. ಜರ್ಮನ್ ಶೆಫರ್ಡ್ ಆದರೆ ಸೊಂಟದ ಕೀಲಿನ ತೊಂದರೆ ಸಾಮಾನ್ಯ. ರಕ್ತ ಪರೀಕ್ಷೆ ಮಾಡಿಸಿ. ಕರಾವಳಿಯಲ್ಲಿ ಉಣ್ಣಿ ಜ್ವರ ತುಂಬಾ ಇದೆ. ನಾಯಿ ಮಂಕಾಗುವುದು, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ಹೋಗಬೇಕು. ಆರೋಗ್ಯದ ನಾಯಿಯ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿ. ರೇಬೀಸ್ ಜೊತೆಗೆ ಇಲಿ ಜ್ವರದ ಲಸಿಕೆಯೂ ಬೇಕು. ದಕ್ಷಿಣ ಕನ್ನಡ, ಉಡುಪಿಯ ಮಳೆಗಾಲದಲ್ಲಿ ಇಲಿ ಜ್ವರ ಮನುಷ್ಯರನ್ನೂ ಬಿಡುವುದಿಲ್ಲ. ನಿಂತ ನೀರು, ಗದ್ದೆಯ ನೀರು ನಾಯಿ ಕುಡಿಯದಂತೆ ನೋಡಿಕೊಳ್ಳಿ.

ಹಂತ 5: ಗೋಣಿ ಪಾಠ

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಸುಮ್ಮನಿರುವುದನ್ನು ಕಲಿಸುವ ಪಾಠ ಇದು.

ಒಂದು ಗೋಣಿಚೀಲವನ್ನು ಎರಡು ಮಡಿಕೆ ಮಾಡಿ. ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಸಣ್ಣಗೆ ಹರಿದು ಡಬ್ಬಿಯಲ್ಲಿಡಿ. ನಾಯಿಗೆ ಹಗ್ಗ ಇರಲಿ. ಗೋಣಿ ಹಾಸಿ ನೀವು ಪಕ್ಕದ ಕುರ್ಚಿಯಲ್ಲಿ ಕೂತುಕೊಳ್ಳಿ. ಅವನು ಗೋಣಿಯ ಮೇಲೆ ಕಾಲಿಟ್ಟ ಕೂಡಲೇ ಒಂದು ಚೂರನ್ನು ಗೋಣಿಯ ಮೇಲೆಯೇ ಇಡಿ. ಕೈಯಿಂದ ಬಾಯಿಗೆ ಬೇಡ. ಬಾಯಿಗೆ ಕೊಟ್ಟರೆ ಕೈಯನ್ನೇ ನೋಡುತ್ತಾ ನಿಲ್ಲುತ್ತಾನೆ. ಮೂರು ಸೆಕೆಂಡಿಗೆ ಒಂದು ಚೂರು, ಎರಡು ನಿಮಿಷ ಅಷ್ಟೇ. ಮುಗಿಯಿತು, ಗೋಣಿ ಎತ್ತಿಡಿ. ಆಜ್ಞೆ ಬೇಡ, ಮಾತು ಬೇಡ.

ಎರಡು ಮೂರು ದಿನ ಕಳೆದ ಮೇಲೆ ಗೋಣಿ ಕಂಡರೆ ತಾನೇ ಬಂದು ಮಲಗುತ್ತಾನೆ. ಆಗ ಐದು ಸೆಕೆಂಡು, ಹತ್ತು ಸೆಕೆಂಡು, ಅರ್ಧ ನಿಮಿಷ ಎಂದು ಅಂತರ ಹೆಚ್ಚಿಸಿ. ಆಮೇಲೆ ನೀವು ಎದ್ದು ನಿಲ್ಲಿ, ಕೂತುಕೊಳ್ಳಿ, ಚೂರು ಇಡಿ. ಅಡುಗೆಮನೆ ಬಾಗಿಲವರೆಗೆ ಹೋಗಿ ಬನ್ನಿ. ಕೊನೆಗೆ ಕಾಲಿಂಗ್ ಬೆಲ್. ಅವನು ಎದ್ದರೆ ಬೈಯಬೇಡಿ, ನೀವು ಒಂದು ಹಂತ ಜಾಸ್ತಿ ಹಾರಿದ್ದೀರಿ ಎಂದರ್ಥ. ಹಿಂದಿನ ಹಂತಕ್ಕೆ ಬನ್ನಿ.

ಮಲಗಿದ್ದಾನೆ ಎಂದರೆ ಆರಾಮಾಗಿದ್ದಾನೆ ಎಂದಲ್ಲ. ಇದನ್ನು ನೋಡಲು ಕಲಿಯಬೇಕು. ಶುರುವಿನಲ್ಲಿ ರಾಕಿ ಮುಂಗಾಲು ನೇರ ಚಾಚಿ, ಹಿಂಗಾಲು ಮೈಯ ಕೆಳಗೆ ಮಡಚಿ, ಬಿಟ್ಟ ಬಾಣದ ಹಾಗೆ ಹಾರಲು ತಯಾರಾಗಿ ಮಲಗುತ್ತಿದ್ದ. ಕಿವಿ ಎರಡೂ ಬಾಗಿಲ ಕಡೆ. ಪಾಠ ಶುರುವಾದ ಒಂಬತ್ತನೇ ದಿನ ಸಂಜೆ, ಮಳೆ ಜೋರಾಗಿ ಹೊಡೆಯುತ್ತಿತ್ತು, ಅಮ್ಮ ಚಕ್ಕುಲಿ ಒತ್ತುತ್ತಿದ್ದರು. ಅವನ ಸೊಂಟ ನಿಧಾನವಾಗಿ ಒಂದು ಬದಿಗೆ ವಾಲಿತು. ಹಿಂಗಾಲು ಎರಡೂ ಎಡಕ್ಕೆ ಬಂದವು. ಮೂಗಿನಿಂದ ಒಂದು ಉದ್ದ ಉಸಿರು. ಆಮೇಲೆ ಗದ್ದ ನೆಲಕ್ಕೆ ತಾಗಿತು. ನಾನು ಡಬ್ಬಿ ಮುಚ್ಚಿ ಸದ್ದಿಲ್ಲದೆ ಕೂತೆ. ಇಪ್ಪತ್ತು ನಿಮಿಷ ನಿದ್ದೆ ಮಾಡಿದ. ಹಗಲಿನಲ್ಲಿ ನಾನು ಕಂಡ ಅವನ ಮೊದಲ ನಿದ್ದೆ ಅದು.

ದೊಡ್ಡ ನಾಯಿಗೂ ದಿನಕ್ಕೆ 12ರಿಂದ 14 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ನಾಯಿ ಹಟಮಾರಿ ಮಗುವಿನ ಹಾಗೆಯೇ, ಸಣ್ಣದಕ್ಕೂ ಸಿಡಿಯುತ್ತದೆ. ನಮ್ಮ ದಿನಚರಿ ಹೀಗೆ ನಿಂತಿತು: ಬೆಳಿಗ್ಗೆ ಐದೂವರೆಗೆ ನಡಿಗೆ 40 ನಿಮಿಷ, ತಿಂಡಿ, ಮೆಟ್ಟಿಲ ಕೆಳಗೆ ನಿದ್ದೆ. ಹನ್ನೊಂದಕ್ಕೆ ಹತ್ತು ನಿಮಿಷ ಮೂಗಿನ ಆಟ (ಮುಂದಿನ ಹಂತದಲ್ಲಿದೆ). ಮಧ್ಯಾಹ್ನ ನಾಲ್ಕರವರೆಗೆ ಪರದೆ ಎಳೆದು ನಿದ್ದೆ. ಸಂಜೆ ನಡಿಗೆ, ಹಗ್ಗ ಎಳೆದಾಟ ಐದು ನಿಮಿಷ, ಊಟ, ರಾತ್ರಿ ನಾವು ಟಿ.ವಿ. ನೋಡುವಾಗ ಗೋಣಿ. ಚೆಂಡು ವಾರಕ್ಕೆರಡು ಸಲ, ಆರು ಎಸೆತ, ಅಷ್ಟಕ್ಕೇ ಬಂದ್.

ಹಂತ 6: ಮೂಗಿಗೆ ಕೆಲಸ ಕೊಡಿ

ಮಂಗಳೂರಿನ ಮಳೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಡಿಗೆ ತಪ್ಪುವ ದಿನಗಳು ಬರುತ್ತವೆ. ಆಗ ಗೆರಟೆ ಕೈ ಹಿಡಿಯುತ್ತದೆ. ಮೂರು ತೆಂಗಿನ ಗೆರಟೆ ತೊಳೆದು ನೆಲದ ಮೇಲೆ ಬೋರಲು ಹಾಕಿ. ಒಂದರ ಕೆಳಗೆ ಕೋಳಿ ಚೂರು. "ಹುಡುಕು." ಮೊದಲು ಅವನು ಕಾಲಿನಿಂದ ಬಡಿದು ಮೂರನ್ನೂ ಉರುಳಿಸುತ್ತಾನೆ, ಪರವಾಗಿಲ್ಲ. ಸ್ವಲ್ಪ ದಿನದಲ್ಲಿ ಮೂಗು ಕೆಲಸ ಶುರು ಮಾಡುತ್ತದೆ. ಬಾಯಿ ಮುಚ್ಚಿಕೊಂಡು, ಉಸಿರು ಸಣ್ಣ ಸಣ್ಣದಾಗಿ ಒಳಗೆಳೆಯುವ ಸದ್ದು ಕೇಳುತ್ತದೆ. ಸರಿಯಾದ ಗೆರಟೆಯ ಹತ್ತಿರ ಬಂದಾಗ ಬಾಲದ ಬೀಸು ಬದಲಾಗುತ್ತದೆ. ಹತ್ತು ನಿಮಿಷ ಹೀಗೆ ಹುಡುಕಿದ ದಿನ ರಾಕಿ ಒಂದು ಗಂಟೆ ಚೆಂಡಿಗಿಂತ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಆಮೇಲೆ ಆರು ಗೆರಟೆ, ಬೇರೆ ಬೇರೆ ಕೋಣೆ, ಕುರ್ಚಿಯ ಮೇಲೆ, ಚಾಪೆಯ ಸುರುಳಿಯೊಳಗೆ. ತೆಂಗಿನ ಸಿಪ್ಪೆ ಮಾತ್ರ ಆಟಕ್ಕೆ ಕೊಡಬೇಡಿ, ನಾರು ನುಂಗಿದರೆ ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ.

ಹಗ್ಗ ಎಳೆದಾಟ ಇಂಥ ತಳಿಗೆ ತುಂಬ ಇಷ್ಟ. ಅದರಲ್ಲೇ "ಬಿಡು" ಕಲಿಸಬಹುದು. ಆಟದ ಮಧ್ಯೆ ಹಗ್ಗವನ್ನು ನಿಮ್ಮ ತೊಡೆಗೆ ಒತ್ತಿ ಹಿಡಿಯಿರಿ, ಎಳೆಯಬೇಡಿ. ಹಗ್ಗ ಸತ್ತಂತಾಗುತ್ತದೆ. ಅವನು ಬಾಯಿ ಸಡಿಲಿಸಿದ ಕ್ಷಣ "ಬಿಡು" ಎಂದು ಹೇಳಿ ಕೂಡಲೇ ಆಟ ಮತ್ತೆ ಶುರು ಮಾಡಿ. ಬಿಟ್ಟರೆ ಆಟ ಮುಗಿಯುವುದಿಲ್ಲ, ಮತ್ತೆ ಸಿಗುತ್ತದೆ ಎಂದು ಗೊತ್ತಾದ ನಾಯಿ ಚಪ್ಪಲಿಯನ್ನೂ ಬಿಡುತ್ತದೆ.

ಹಂತ 7: ಗುರ್ ಅಂದರೆ ಬೈಯಬೇಡಿ

ಗುರ್ ಅನ್ನುವುದು ಮಾತು. ಹೊಡೆದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ಮಾತಿಲ್ಲದೆ ಕಚ್ಚುತ್ತದೆ. ಅದಕ್ಕೂ ಮೊದಲು ಬರುವ ಸಣ್ಣ ಮಾತುಗಳನ್ನು ಓದಿ: ತಿನ್ನುತ್ತಿದ್ದವನು ಒಮ್ಮೆಗೇ ಸ್ತಬ್ಧವಾಗುವುದು, ತಲೆ ತಿರುಗಿಸದೆ ಕಣ್ಣಿನ ಬಿಳಿ ತೋರಿಸಿ ನೋಡುವುದು, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುವುದು, ಬಾಯಿ ಬಿಗಿಯುವುದು. ಆಗಲೇ ಹಿಂದೆ ಸರಿದರೆ ಹೆಚ್ಚಾಗಿ ಕಚ್ಚುವ ಪ್ರಸಂಗ ಬರುವುದಿಲ್ಲ.

ತಟ್ಟೆ ಕಾಯುವ ನಾಯಿಯಿಂದ ತಟ್ಟೆ ಕಿತ್ತುಕೊಳ್ಳಬೇಡಿ. ದೂರದಿಂದ ನಡೆದುಹೋಗುತ್ತಾ ತಟ್ಟೆಯ ಕಡೆ ಇನ್ನೂ ರುಚಿಯಾದದ್ದು ಎಸೆಯಿರಿ, ನಿಲ್ಲಬೇಡಿ. ವಾರಗಳು ಹೋದಂತೆ ಅಂತರ ಕಡಿಮೆಯಾಗಲಿ. ನೀವು ಬಂದರೆ ಊಟ ಹೆಚ್ಚುತ್ತದೆ ಎಂದು ಅವನಿಗೆ ಅನಿಸಬೇಕು.

ಬೆಲ್ಟಿನ ಒಳಗೆ ಮುಳ್ಳು, ಕರೆಂಟ್ ಶಾಕ್, ಬೆತ್ತ ಯಾವುದೂ ಬೇಡ. "ಇದು ಪೊಲೀಸ್ ನಾಯಿ, ಜೋರು ಮಾಡಿದರೇ ಕೇಳೋದು" ಎಂದು ಹೇಳುವವರು ಸಿಗುತ್ತಾರೆ. ಈ ತಳಿ ಬಹಳ ಸೂಕ್ಷ್ಮ. ಹೊಡೆದರೆ ಒಂದೋ ಕುಗ್ಗಿಹೋಗುತ್ತದೆ, ಇಲ್ಲವೇ ತಿರುಗಿ ಬೀಳುತ್ತದೆ.

ಮಜಲ್ ಕಲಿಸುವುದು ನಾಯಿಗೆ ಅವಮಾನವಲ್ಲ, ರಕ್ಷಣೆ. ಬುಟ್ಟಿಯಂಥದ್ದು ತನ್ನಿ, ಅದರಲ್ಲಿ ಬಾಯಿ ತೆರೆದು ಏದುಸಿರು ಬಿಡಬಹುದು. ಬಟ್ಟೆಯದ್ದು ನಮ್ಮ ಸೆಕೆಗೆ ಅಪಾಯ. ಬುಟ್ಟಿಯ ಒಳಗೆ ಮೊಸರನ್ನ ಸವರಿ ಹಿಡಿಯಿರಿ, ತಾನೇ ಮೂತಿ ಹಾಕಿ ನೆಕ್ಕಲಿ. ಎರಡು ವಾರ ಪಟ್ಟಿ ಕಟ್ಟುವ ಗೋಜಿಗೇ ಹೋಗಬೇಡಿ.

ಯಾರಿಗಾದರೂ ಹಲ್ಲು ತಾಗಿದರೆ, ಗೀರು ಸಣ್ಣದಿದ್ದರೂ, ಸೋಪು ಹಚ್ಚಿ ಹರಿಯುವ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರ ಏನೂ ಹಚ್ಚಬಾರದು. ನಾಯಿಗೆ ಲಸಿಕೆ ಆಗಿದೆ ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ, ಅದನ್ನು ಡಾಕ್ಟರು ಹೇಳಲಿ.

ಹಂತ 8: ಮೀನಿನ ಹಾರ್ನು, ಹುಲಿವೇಷದ ತಾಸೆ

ನಮ್ಮ ಓಣಿಗೆ ಬೆಳಿಗ್ಗೆ ಮೀನಿನ ಸ್ಕೂಟರ್ ಬರುತ್ತದೆ. ಪೋಂ ಪೋಂ ಹಾರ್ನು, ಹಿಂದಿನ ಪೆಟ್ಟಿಗೆಯಲ್ಲಿ ಬೂತಾಯಿ, ಅದರ ಹಿಂದೆ ನಾಲ್ಕು ಬೆಕ್ಕು. ರಾಕಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ. ಗೇಟಿಗೆ ಬಡಿದು ಬಡಿದು ಮೂತಿ ಗಾಯ ಮಾಡಿಕೊಂಡಿದ್ದ.

ಮೀನಿನ ಅಣ್ಣನ ಹತ್ತಿರ ಹೋಗಿ ಕೇಳಿಕೊಂಡೆ: "ಅಣ್ಣಾ, ಒಂದು ತಿಂಗಳು ತಿರುವಿನ ಹತ್ತಿರವೇ ಹಾರ್ನ್ ಹಾಕಿ ಒಂದು ನಿಮಿಷ ನಿಲ್ತೀರಾ?" ಅವರು ನಕ್ಕು ಒಪ್ಪಿದರು. ಆ ಒಂದು ನಿಮಿಷ ನಾವು ಮನೆಯ ಹಿಂದೆ, ಸುಮಾರು 30 ಮೀಟರ್ ದೂರ. ಹಾರ್ನ್ ಕೇಳಿತು, ಕೋಳಿ ಚೂರು. ಮತ್ತೆ ಹಾರ್ನ್, ಮತ್ತೆ ಚೂರು. ಶಬ್ದ ಮೊದಲು, ತಿಂಡಿ ಆಮೇಲೆ, ಈ ಕ್ರಮ ತಪ್ಪಬಾರದು. ನಾಯಿ ಚೂರು ತಿನ್ನದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ, ಇನ್ನೂ ದೂರ ಹೋಗಿ. ವಾರಕ್ಕೆ ನಾಲ್ಕೈದು ಮೀಟರ್ ಹತ್ತಿರ ಬಂದೆವು. ಒಂದೂವರೆ ತಿಂಗಳಲ್ಲಿ ಹಾರ್ನ್ ಕೇಳಿದರೆ ಗೇಟಿನ ಬದಲು ನನ್ನ ಮುಖ ನೋಡತೊಡಗಿದ. ಸೈಕಲ್, ಶಾಲೆಯ ವ್ಯಾನ್, ಬೇರೆ ನಾಯಿ ಎಲ್ಲಕ್ಕೂ ಇದೇ ದಾರಿ.

ಅಷ್ಟಮಿಗೆ, ನವರಾತ್ರಿಗೆ ಹುಲಿವೇಷ ಮನೆ ಮನೆಗೆ ಬರುತ್ತದೆ. ಅದರ ಜೊತೆ ಬಾರಿಸುವ ತಾಸೆ ವಾದ್ಯದ ಸದ್ದು ಎದೆಗೆ ಬಡಿಯುತ್ತದೆ, ನಮಗದು ಸಂಭ್ರಮ. ನಾಯಿಗೆ ಒಂದು ತಿಂಗಳು ಮೊದಲೇ ಮೊಬೈಲಿನಲ್ಲಿ ಆ ಸದ್ದನ್ನು ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ ಊಟ ಕೊಡಿ, ದಿನ ಹೋದಂತೆ ಸ್ವಲ್ಪ ಸ್ವಲ್ಪ ಏರಿಸಿ. ದೀಪಾವಳಿಯ ಪಟಾಕಿಗೂ ಹೀಗೆಯೇ. ಆ ದಿನಗಳಲ್ಲಿ ಸಂಜೆಯ ಮೊದಲೇ ನಡಿಗೆ ಮುಗಿಸಿ, ಒಳಕೋಣೆ, ಫ್ಯಾನ್, ರೇಡಿಯೋ. ಹೊರಗೆ ಹೋಗಲೇಬೇಕಾದರೆ ಹಾರ್ನೆಸ್‌ಗೊಂದು, ಬೆಲ್ಟಿಗೊಂದು, ಎರಡು ಹಗ್ಗ. ಬೆದರಿದ ನಾಯಿ ಒಂದರಿಂದ ನುಸುಳಿಕೊಳ್ಳುತ್ತದೆ.

ಹಂತ 9: ಮಳೆ, ಸೆಕೆ, ಕಡಲು

ಮಳೆಗಾಲದಲ್ಲಿ ಬೆರಳ ಸಂದಿ ಒರೆಸುವುದೇ ಅರ್ಧ ಔಷಧಿ. ಪ್ರತಿ ಸಲ ಒಳಗೆ ಬಂದಾಗ ಹಳೆ ಪಂಚೆಯಿಂದ ನಾಲ್ಕೂ ಕಾಲು, ಕಿವಿಯ ಒಳಮಡಿಕೆ, ಬೆಲ್ಟಿನ ಕೆಳಗೆ ಒರೆಸಿ. ರಾತ್ರಿ ಬೆಲ್ಟ್ ತೆಗೆದಿಡಿ. ಗುಡ್ಡೆಯ ಹುಲ್ಲಿನಲ್ಲಿ ನಡೆದು ಬಂದ ಮೇಲೆ ಉಣ್ಣಿ ಹುಡುಕಿ: ಕಿವಿಯ ಹಿಂದೆ, ಕಂಕುಳು, ಬೆರಳ ಸಂದಿ.

ಮಾರ್ಚ್‌ನಿಂದ ಮೇವರೆಗೆ ಸೆಕೆಯ ಜೊತೆ ಗಾಳಿಯಲ್ಲಿ ನೀರಿನಂಶ. ನಾಯಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕು, ಒದ್ದೆ ಗಾಳಿಯಲ್ಲಿ ಅದು ಸರಿಯಾಗಿ ಆಗುವುದಿಲ್ಲ. ಮಾಲಿನ್ವಾ ತಾನಾಗಿ ನಿಲ್ಲುವುದಿಲ್ಲ, ಬಿದ್ದುಬಿಡುವವರೆಗೆ ಓಡುತ್ತದೆ. ನೀವೇ ನಿಲ್ಲಿಸಬೇಕು. ಡಾಂಬರಿನ ಮೇಲೆ ಅಂಗೈಯ ಹಿಂಬದಿ ಏಳು ಸೆಕೆಂಡ್ ಇಡಲಾಗದಿದ್ದರೆ ನಡಿಗೆ ಬೇಡ. ನಾಲಿಗೆ ಗಾಢ ಕೆಂಪಾಗಿ, ಜೊಲ್ಲು ಅಂಟಂಟಾಗಿ, ಕಾಲು ತೊಡರಿದರೆ ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು ಫ್ಯಾನ್ ಹಾಕಿ, ಹಾಗೆಯೇ ಡಾಕ್ಟರ ಹತ್ತಿರ ಹೊರಡಿ.

ತಣ್ಣೀರುಬಾವಿಯೋ ಕಾಪುವೋ ಮಲ್ಪೆಯೋ, ಕಡಲತೀರಕ್ಕೆ ಕರೆದೊಯ್ಯುವುದಾದರೆ ಮಳೆಗಾಲ ಮುಗಿದ ಮೇಲೆ, ಬೆಳಕು ಹರಿಯುವಾಗ, 10 ಮೀಟರ್ ಹಗ್ಗದಲ್ಲಿ. ಕುಡಿಯುವ ನೀರು ಒಯ್ಯಿರಿ, ಉಪ್ಪುನೀರು ಕುಡಿದರೆ ವಾಂತಿ ಭೇದಿ. ಬಲೆಯ ತುಂಡು, ಗಾಳದ ಕೊಕ್ಕೆ, ಮೀನುಗಾರರು ಬಿಸಾಡಿದ ಬಲೂನಿನಂತೆ ಉಬ್ಬುವ ಮೀನು ಮರಳಲ್ಲಿ ಬಿದ್ದಿರುತ್ತವೆ. ಆ ಮೀನು ಸತ್ತ ಮೇಲೂ ವಿಷ.

ಹಂತ 10: ಬೀಳ್ಕೊಡುವುದು

ಹೊಸ ಮನೆಯವರಿಗೆ ಸತ್ಯ ಹೇಳಿ. ಎರಡು ಹಾಳೆ ಬರೆಯಿರಿ: ಏನು ಇಷ್ಟ, ಯಾವುದಕ್ಕೆ ಹೆದರಿಕೆ, ಎಲ್ಲಿ ಮುಟ್ಟಿದರೆ ಸಿಟ್ಟು, ಯಾವಾಗ ಕಚ್ಚಿದ್ದ, ಯಾವ ಭಾಷೆಯ ಯಾವ ಮಾತು ಗೊತ್ತು. ಮುಚ್ಚಿಟ್ಟು ಕೊಟ್ಟ ನಾಯಿ ಮೂರು ವಾರದಲ್ಲಿ ವಾಪಸ್ ಬರುತ್ತದೆ, ಪ್ರತಿ ಸಲ ಇನ್ನಷ್ಟು ಮುರಿದು ಬರುತ್ತದೆ.

ರಾಕಿಯನ್ನು ಕೇಳಿಕೊಂಡು ಮೂವರು ಬಂದರು. ಇಬ್ಬರಿಗೆ ತೋಟ ಕಾಯಲು ಸರಪಳಿಯಲ್ಲಿ ಕಟ್ಟಲು ನಾಯಿ ಬೇಕಿತ್ತು. ಇಲ್ಲ ಎಂದೆ. ಬೇಸರ ಮಾಡಿಕೊಂಡು ಹೋದರು. ಮೂರನೆಯವರು ಮಣಿಪಾಲದ ಹತ್ತಿರದ ಗಂಡ ಹೆಂಡತಿ. ನಾಲ್ಕು ಭಾನುವಾರ ಬಂದು ಅವನ ಜೊತೆ ನಡೆದರು. ಎರಡನೇ ಭಾನುವಾರ ಆಕೆ ತಾನೇ ಗೆರಟೆ ಇಟ್ಟು ಹುಡುಕಿಸಿದರು. ನಾಲ್ಕನೆಯದಕ್ಕೆ ಒಂದು ರಾತ್ರಿ ಅವರ ಮನೆಯಲ್ಲಿ ಇರಿಸಿ ನೋಡಿದೆವು. ನೀವೂ ಹೀಗೆಯೇ ಮಾಡಿ, ಒಂದೇ ಭೇಟಿಯಲ್ಲಿ ಕೊಡಬೇಡಿ.

ಕೊಟ್ಟ ಮೇಲೆ ಒಂದು ತಿಂಗಳು ನೋಡಲು ಹೋಗಬೇಡಿ. ಕಷ್ಟ, ಗೊತ್ತು. ಅಮ್ಮ ಮೆಟ್ಟಿಲ ಕೆಳಗಿನ ಪರದೆಯನ್ನು ವಾರದವರೆಗೂ ತೆಗೆಯಲಿಲ್ಲ. ಫೋನ್ ಮಾತ್ರ ಯಾವ ಹೊತ್ತಿಗೆ ಬಂದರೂ ಎತ್ತಿ, ಮೊದಲ ಕಷ್ಟದ ರಾತ್ರಿ ಅವರಿಗೆ ನಿಮ್ಮನ್ನು ಬಿಟ್ಟರೆ ಕೇಳಲು ಯಾರೂ ಇರುವುದಿಲ್ಲ. ನಾಯಿಯ ಜೊತೆಗೆ ಲಸಿಕೆಯ ಕಾರ್ಡ್, ಒಂದು ವಾರದ ಊಟ, ಅವನ ಹಗ್ಗ, ಹಾರ್ನೆಸ್, ಮಜಲ್ ಕಳಿಸಿ. ಗೋಣಿಯನ್ನೂ ಕಳಿಸಿ. ಒಗೆಯಬೇಡಿ, ಹಾಗೆಯೇ ಮಡಚಿ ಕೊಡಿ.